ಸೈರನ್ ದೊಡ್ಡಮ್ಮನ ಸದ್ದಿಲ್ಲದ ಮನೆ

ನಮ್ಮ ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನೆಂಟರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೂಗಿನ ತುದಿಗೆ ಬಂದು ಕಾದು ನಿಲ್ಲುವಷ್ಟು ತಾಳ್ಮೆ ಆ ಸಿಟ್ಟಿಗೆ ಯಾವತ್ತೂ ಇರಲಿಲ್ಲ. ಬೆಳಿಗ್ಗೆ ಹಾಲಿನವನಿಂದ ಶುರುಮಾಡಿ, ತೊಟ್ಟಿಕ್ಕುವ ನಲ್ಲಿ, ಧಡಾರೆಂದು ಹಾಕಿಕೊಳ್ಳುವ ಪಕ್ಕದ ಮನೆಯ ಬಾಗಿಲು, ಕೆಳಗಿನ ತಗಡಿನ ಅಂಗಡಿ, ಎದುರು ಬಾಲ್ಕನಿಯ ನಾಯಿ, ಹೀಗೆ ಎಲ್ಲರಿಗೂ ಅವರವರ ಪಾಲು ಮುಟ್ಟಿಸಿದ ಮೇಲೆಯೇ ಅವಳು ಟೀ ಕುಡಿಯುತ್ತಿದ್ದದ್ದು. ದನಿಯ ಮಾತಂತೂ ಕೇಳಲೇಬೇಡಿ. ಅವಳು ದುಡಿಯುತ್ತಿದ್ದ ಬಟ್ಟೆ ಗಿರಣಿಯಲ್ಲಿ ಅವಳಿಗೆ ಸೈರನ್ ಎಂದೇ ಅಡ್ಡಹೆಸರು. ಪಾಳಿ ಬದಲಾಗುವಾಗ ಕೂಗುವ ಸೈರನ್ ಕೆಟ್ಟು ಕೂತರೂ ಚಿಂತೆಯಿಲ್ಲ, ಇವಳನ್ನು ಗೇಟಿನ ಹತ್ತಿರ ನಿಲ್ಲಿಸಿದರೆ ಸಾಕು ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರಂತೆ.

ಇಂಥವಳು ಜೀವಮಾನದಲ್ಲಿ ಆಸೆಪಟ್ಟದ್ದು ಒಂದನ್ನೇ. ಸದ್ದಿಲ್ಲದ ಒಂದು ಮನೆ. ಒಡವೆ ಕೇಳಲಿಲ್ಲ, ಊರೂರು ಸುತ್ತಬೇಕೆನ್ನಲಿಲ್ಲ. "ಸಾಯೋದ್ರೊಳಗೆ ನನ್ನ ಕಿವಿಗೂ ಒಂದಿಷ್ಟು ರಜ ಸಿಕ್ಕಿದ್ರೆ ಸಾಕು ಕಣೇ" ಎನ್ನುತ್ತಿದ್ದಳು. ಅದನ್ನೂ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ನೀವು ನಗಬಹುದು. ನಾನೂ ನಕ್ಕಿದ್ದೇನೆ. ಆದರೆ ಅವಳು ದುಡಿದ ಜಾಗವನ್ನು ಒಮ್ಮೆ ನೋಡಿದ ಮೇಲೆ ನಗು ಬರುವುದಿಲ್ಲ.

ಚಿಕ್ಕವಳಿದ್ದಾಗ ನಾನು ಊಟದ ಡಬ್ಬಿ ಕೊಡಲು ಹೋಗಿ ಗಿರಣಿಯ ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಅದು ಬರೀ ಕಿವಿಗೆ ಕೇಳುವ ಸದ್ದಲ್ಲ. ಹಲ್ಲು ನಡುಗುತ್ತದೆ, ಪಕ್ಕೆಲುಬು ನಡುಗುತ್ತದೆ, ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತಾನಾಗಿ ಗಿಲಿಗಿಲಿ ಎನ್ನುತ್ತದೆ. ಕಣ್ಣಿಗೆ ಎಟುಕುವಷ್ಟು ದೂರಕ್ಕೂ ಮಗ್ಗಗಳ ಸಾಲು, ಪ್ರತಿಯೊಂದರಲ್ಲೂ ಮರದ ಲಾಳಿ ಈ ಕಡೆಯಿಂದ ಆ ಕಡೆಗೆ ಏಟು ತಿನ್ನುತ್ತ ಓಡುತ್ತಿರುತ್ತದೆ. ಕಿವಿಗೆ ರಕ್ಷಣೆ ಎಂದು ಗಿರಣಿಯವರು ಕೊಟ್ಟದ್ದು ಏನೂ ಇಲ್ಲ. ನೆಲಕ್ಕೆ ಬಿದ್ದ ಹತ್ತಿಯನ್ನು ಹೆಕ್ಕಿ ತುರುಕಿಕೊಂಡರೆ, ಅದನ್ನೂ ಮೇಲ್ವಿಚಾರಕ ಕಂಡು, "ಕಿವಿ ಮುಚ್ಕೊಂಡ್ರೆ ಮಗ್ಗ ಕೆಟ್ಟಿದ್ದು ಹೇಗೆ ಗೊತ್ತಾಗುತ್ತೆ?" ಎಂದು ಕಿತ್ತು ಹಾಕಿಸುತ್ತಿದ್ದನಂತೆ. ಅವನಿಗೋ, ಶೆಡ್ಡಿನ ಆಚೆ, ಬಾಗಿಲು ಭದ್ರವಾಗಿ ಮುಚ್ಚುವ ಕೋಣೆ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಆ ಗದ್ದಲದಲ್ಲಿ ಕೂಗಿದರೂ ಪಕ್ಕದವರಿಗೆ ಕೇಳದು. ಹಾಗಾಗಿ ಶೆಡ್ಡಿನವರು ದನಿಯನ್ನೇ ಬಿಟ್ಟು ಮಾತಾಡುವುದನ್ನು ಕಲಿತಿದ್ದರು. ತುಟಿಯನ್ನು ಚೆನ್ನಾಗಿ ಅಗಲಿಸಿ, ದವಡೆ ಆಡಿಸಿ, ಒಂದೊಂದು ಮಾತನ್ನೂ ಮುಖದ ಮೇಲೆ ಬರೆದ ಹಾಗೆ ಆಡುವುದು. ಎದುರಿನವರು ಅದನ್ನು ಕಣ್ಣಲ್ಲೇ ಓದಿಕೊಳ್ಳುವುದು. ತುಟಿಮಾತು ಎನ್ನುತ್ತಿದ್ದರು ಅದಕ್ಕೆ. ದೊಡ್ಡಪ್ಪ ಅಲ್ಲಿ ಮಗ್ಗ ರಿಪೇರಿಯ ಮೇಸ್ತ್ರಿ. ಒಂದು ದಿನ ನಾಲ್ಕು ಸಾಲು ಆಚೆಯಿಂದ, ಕೈಯಲ್ಲಿ ಎಣ್ಣೆಡಬ್ಬಿ ಹಿಡಿದುಕೊಂಡೇ, "ನನ್ನನ್ನ ಮದುವೆ ಆಗ್ತೀಯಾ?" ಎಂದು ತುಟಿಯಲ್ಲಿ ಕೇಳಿದನಂತೆ. ಗುಟ್ಟಾಗಿ ಕೇಳಿದೆ ಎಂದುಕೊಂಡಿದ್ದ, ಪಾಪ. ನಡುವಿನ ಸಾಲುಗಳವರೆಲ್ಲ ಓದಿಕೊಂಡು, ಕೆಲಸ ಬಿಟ್ಟು ದೊಡ್ಡಮ್ಮನ ಮುಖವನ್ನೇ ನೋಡತೊಡಗಿದರು. ಅವಳು ಕೆಂಡಾಮಂಡಲ. "ಇಷ್ಟು ಜನರ ಮುಂದೆ ಕೇಳೋಕೆ ನಾಚಿಕೆ ಆಗಲ್ವಾ ನಿಮಗೆ? ಆಗ್ತೀನಿ. ಈಗ ಹೋಗಿ ಕೆಲಸ ನೋಡಿ!" ಎಂದು ತುಟಿಯಲ್ಲೇ ಗದರಿದಳು. ಅವರ ಮದುವೆ ನಿಶ್ಚಯವಾದದ್ದು ಹೀಗೆ.

ಮುಂದೆ ದೊಡ್ಡಮ್ಮನನ್ನು ಬಟ್ಟೆ ಪರೀಕ್ಷಿಸುವ ಕೋಣೆಗೆ ಹಾಕಿದರು. ಶೆಡ್ಡಿಗೂ ಆ ಕೋಣೆಗೂ ನಡುವೆ ದಪ್ಪ ಗಾಜು. ಅವಳ ಕಿವಿ ಉಳಿದದ್ದು ಆ ಗಾಜಿನಿಂದ. ದೊಡ್ಡಪ್ಪ ಮಾತ್ರ ನಿವೃತ್ತನಾಗುವವರೆಗೆ ಶೆಡ್ಡಿನೊಳಗೇ ಇದ್ದ. ಊಟಕ್ಕೇನು, ಸಂಜೆ ಯಾರ ಮನೆಗೆ ಹೋಗಬೇಕು ಎಂಬುದನ್ನೆಲ್ಲ ಇಬ್ಬರೂ ಗಾಜಿನ ಆಚೀಚೆ ನಿಂತು ತುಟಿಯಲ್ಲೇ ಮುಗಿಸುತ್ತಿದ್ದರು. ಹೀಗಾಗಿ ಮನೆಯಲ್ಲೂ ದೊಡ್ಡಪ್ಪ ದನಿ ತೆಗೆದು ಮಾತಾಡುವುದು ಅಪರೂಪ. ದೊಡ್ಡಮ್ಮ ಅವನ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದಳು.

ಅವರಿದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ. ಕೆಳಗೆ ತಗಡಿನ ಪೆಟ್ಟಿಗೆ ಬಡಿಯುವ ಅಂಗಡಿ, ಎದುರಿಗೆ ಬೆಳಗಿನಿಂದ ಸಂಜೆವರೆಗೆ ಬೊಗಳುವ ನಾಯಿ. ದೊಡ್ಡಮ್ಮನ ಮೊಣಕಾಲು ಮೆಟ್ಟಿಲಿಗೆ ಮುಷ್ಕರ ಹೂಡಿದ ಮೇಲೆ ಊರಾಚೆಯ ನಿವೃತ್ತರ ಕಾಲೊನಿಗೆ ಹೋಗುವುದೆಂದು ತೀರ್ಮಾನವಾಯಿತು. ಒಂದೇ ಅಂತಸ್ತಿನ ಪುಟ್ಟ ಮನೆಗಳು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಹಾಸಿಗೆಯ ಪಕ್ಕದಲ್ಲಿ ಆಪತ್ತಿಗೊಂದು ಗಂಟೆ. ಕಾಲೊನಿಯ ಪ್ರಚಾರದ ಬಣ್ಣದ ಹಾಳೆಯ ತುಂಬ ಒಂದೇ ಮಾತು: ಪ್ರಶಾಂತ ಪರಿಸರ. ದೊಡ್ಡಮ್ಮ ಅದನ್ನು ಕನ್ನಡಕ ಏರಿಸಿಕೊಂಡು ಮತ್ತೆ ಮತ್ತೆ ಓದಿದಳು. ಅವರಿಗೆ ಮಕ್ಕಳಿಲ್ಲ. ಇರುವವಳು ನಾನೊಬ್ಬಳು, ತಂಗಿಯ ಮಗಳು. ಅದಕ್ಕೇ ಓಡಾಟಕ್ಕೆ ನನ್ನ ಕಾರು.

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ನನ್ನ ಕಾರಿನಲ್ಲಿ ಓಡಿಸುವವರಿಗೊಂದು ಬ್ರೇಕ್, ಪಕ್ಕದಲ್ಲಿ ಕೂತವರಿಗೊಂದು ಬ್ರೇಕ್. ಪಕ್ಕದ ಸೀಟಿನಲ್ಲಿ ದೊಡ್ಡಮ್ಮನನ್ನು ಕೂರಿಸಿದ್ದು ನನ್ನ ತಪ್ಪು. ರಸ್ತೆಯಲ್ಲಿ ಎಲ್ಲಿ ನಾಯಿ ಬೊಗಳಿದರೂ ಅವಳ ಕಾಲು ಬ್ರೇಕಿನ ಮೇಲೆ. ಕಾರು ಗಕ್ಕನೆ ನಿಂತು, ಹಿಂದಿನ ಸೀಟಿನ ದೊಡ್ಡಪ್ಪನ ಮೂಗು ನನ್ನ ಸೀಟಿಗೆ ಬಡಿದು, ಹಿಂದಿನ ಗಾಡಿಯವರು ನನ್ನನ್ನು ಬಾಯಿಗೆ ಬಂದಂತೆ ಬೈಯುವಾಗ, ಇವಳು ಕಿಟಕಿಯಿಂದ ತಲೆ ಹೊರಹಾಕಿ ನಾಯಿಯನ್ನು ಬೈಯುತ್ತಿರುತ್ತಿದ್ದಳು.

"ದೊಡ್ಡಮ್ಮ, ಇನ್ನೊಂದು ಸಲ ಬ್ರೇಕ್ ಮೇಲೆ ಕಾಲಿಟ್ರೆ ಇಲ್ಲೇ ಇಳಿಸಿಬಿಡ್ತೀನಿ!"

"ಇಳಿಸು! ನಡ್ಕೊಂಡೇ ಹೋಗ್ತೀನಿ. ನಿನ್ನ ಇಂಜಿನ್ ಸದ್ದಾದ್ರೂ ತಪ್ಪುತ್ತೆ."

ಕಾಲೊನಿಯಲ್ಲಿ ಮನೆ ತೋರಿಸಲು ಬಂದವನನ್ನು ನಾವು ಇಸ್ತ್ರಿ ಎಂದು ಕರೆಯುತ್ತಿದ್ದೆವು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ನಗುವಿನಲ್ಲಿ ಅದಕ್ಕಿಂತ ಸುಕ್ಕಿಲ್ಲ. ಖಾಲಿ ಇದ್ದ ಮನೆಗಳನ್ನು ಒಂದೊಂದಾಗಿ ತೋರಿಸುತ್ತೇನೆಂದ. ದೊಡ್ಡಮ್ಮ ಮೊದಲೇ ಹೇಳಿಬಿಟ್ಟಳು: "ನೋಡಪ್ಪ, ನಾನು ಮನೆ ನೋಡೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀನಿ. ಬಾಗಿಲು ಹಾಕ್ಕೊಂಡು ನಾವು ಮೂವರೂ ಸುಮ್ಮನೆ ಕೂತಿರ್ತೀವಿ. ನೀನು ಹೊರಗಿರು. ನಿನ್ನ ಬಾಯಿ ಇದ್ರೆ ಏನೂ ಕೇಳಲ್ಲ."

ಮೊದಲ ಮನೆ ಕಾಲೊನಿಯ ಗೇಟಿನ ಹತ್ತಿರದ ಸಾಲಿನಲ್ಲಿ. ಮಡಚುವ ಕುರ್ಚಿಗಳನ್ನು ನಾವೇ ಒಯ್ದಿದ್ದೆವು. ಕೂತು ಉಸಿರು ಬಿಡುವುದರೊಳಗೆ ಪಕ್ಕದ ಮನೆಯಿಂದ ಶುರುವಾಯಿತು. ಅಲ್ಲಿದ್ದವರು ನಿವೃತ್ತ ಹಲ್ಲಿನ ಡಾಕ್ಟರಮ್ಮ, ಅವರ ಎರಡು ನಾಯಿ. ದೊಡ್ಡದು ಹೊಟ್ಟೆಯೊಳಗಿನಿಂದ ಒಂದು ಸಲ ಬೊಗಳಿ ಯೋಚಿಸುತ್ತದೆ. ಚಿಕ್ಕದಕ್ಕೆ ಯೋಚನೆಯೇ ಇಲ್ಲ, ಕೀರಲು ದನಿಯಲ್ಲಿ ಒಂದೇ ಸಮ. ನಿಂತಿತು ಎನ್ನುವಷ್ಟರಲ್ಲಿ ಮತ್ತೆ. ದೊಡ್ಡಮ್ಮ ಕಾಂಪೌಂಡಿಗೆ ಹೋಗಿ ನಾಯಿಗಳಿಗೆ ಬೈದಳು. ನಾಯಿಗಳು ಅವಳಿಗೆ ಬೈದವು. ಡಾಕ್ಟರಮ್ಮ ಹೊರಬಂದು, "ನಮ್ಮ ಮಕ್ಕಳು ಹೊಸಬರನ್ನ ಕಂಡ್ರೆ ಮಾತ್ರ ಹೀಗೆ" ಎಂದರು.

"ಹಾಗಿದ್ರೆ ನಿಮ್ಮ ಮಕ್ಕಳಿಗೆ ಗಾಳೀನೂ ಹೊಸದು, ಎಲೇನೂ ಹೊಸದು!" ಎಂದು ದೊಡ್ಡಮ್ಮ ಕಿರುಚಿ ಒಳಗೆ ಬಂದಳು. ಬಂದು ನೋಡಿದರೆ ದೊಡ್ಡಪ್ಪ ಕುರ್ಚಿಯಲ್ಲಿ ಬಾಯಿ ತೆರೆದು ಗಾಢವಾಗಿ ನಿದ್ದೆಹೋಗಿದ್ದ. ಅವಳ ಪಿತ್ತ ನೆತ್ತಿಗೇರಿತು. "ನೋಡೇ ಇವರನ್ನ! ಇಲ್ಲಿ ಕಿವಿ ತೂತು ಬೀಳ್ತಿದೆ, ಇವರಿಗೆ ಜೋಗುಳ ಹಾಡಿದ ಹಾಗಿದೆ!" ದೊಡ್ಡಪ್ಪ ಬೆಪ್ಪಾಗಿ ಎದ್ದು ಕಣ್ಣುಜ್ಜಿಕೊಂಡ. ಕಾರು ಹತ್ತುವಾಗ ಮೆಲ್ಲಗೆ, "ಮನೆಯೇನೋ ಬೆಳಕಾಗಿತ್ತು, ಗೇಟಿಗೂ ಹತ್ತಿರ" ಎಂದ. ಅವಳು ತಿರುಗಿ ನೋಡಿದ ನೋಟಕ್ಕೆ ಲಗುಬಗೆಯಿಂದ ಹಿಂದಿನ ಸೀಟಿಗೆ ತೂರಿಕೊಂಡ.

ಎರಡನೆಯ ಮನೆಯ ಹಿಂದೆ ಇಡೀ ಕಾಲೊನಿಯ ನೀರಿನ ಪಂಪು. ಮೂರನೆಯದು ನಿಶ್ಶಬ್ದವಾಗಿಯೇ ಇತ್ತು. ಎಷ್ಟು ಹೊತ್ತು ಕೂತರೂ ಏನೂ ಇಲ್ಲ. ದೊಡ್ಡಮ್ಮನ ಮುಖ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಅವಳು ಕಿಟಕಿಯ ಗಾಜಿನಾಚೆ ನೋಡಿದಳು. ಬೀದಿಯ ಆ ಬದಿಯಲ್ಲಿ ಇಸ್ತ್ರಿ ಎದುರು ಮನೆಯ ಮುದುಕನ ಜೊತೆ ಮಾತಾಡುತ್ತ ನಿಂತಿದ್ದ. ನಮಗೆ ಒಂದಕ್ಷರ ಕೇಳಿಸದು. ದೊಡ್ಡಮ್ಮ ಮಾತ್ರ ಕುರ್ಚಿಯಿಂದ ಎದ್ದಳು, ಕೆಟ್ಟ ಮೊಣಕಾಲನ್ನೂ ಮರೆತು ಬೀದಿಯ ಆಚೆಗೆ ದಾಪುಗಾಲು ಹಾಕಿದಳು.

"ಏನಂದೆ? ಇವರು ಹೋಗೋವರೆಗೆ ನಾಯೀನ ಹಿಂದಿನ ಕೋಣೆಯಲ್ಲೇ ಇಟ್ಕೊಳ್ಳಿ ಅಂದೆ ತಾನೆ? ಮೂರು ನಾಯಿ! ಬಿಸ್ಕತ್ತು ತಂದುಕೊಡ್ತೀನಿ ಅಂತ ಬೇರೆ ಹೇಳ್ತೀಯ! ನನ್ನನ್ನ ಏನು ಅಂದ್ಕೊಂಡೆ?"

ಇಸ್ತ್ರಿಯ ಮುಖದಲ್ಲಿ ಮೊದಲ ಸಲ ಸುಕ್ಕು ಕಂಡಿತು. ಬೀದಿಯ ಆಚೆಯಿಂದ ಅದು ಹೇಗೆ ಕೇಳಿಸಿತು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹಿಂದಿನ ಕೋಣೆಯಿಂದ ಮೂರೂ ನಾಯಿಗಳು ಅವಳ ದನಿಗೆ ದನಿಗೂಡಿಸಿದವು. ನನಗೂ ರೇಗಿಹೋಗಿತ್ತು. ವಯಸ್ಸಾದವರು, ಹೇಗೂ ಬಂದು ಸೇರಿಕೊಂಡ ಮೇಲೆ ಏನು ಮಾಡಿಯಾರು ಎನ್ನುವ ಲೆಕ್ಕಾಚಾರ ಅದು. ಅವನಿಗೆ ನಾನೂ ನಾಲ್ಕು ಮಾತು ಸರಿಯಾಗಿ ಹೇಳಿದೆ.

ಅದಾದ ಮೇಲೆ ಇಸ್ತ್ರಿ ಬಾಲ ಮುದುರಿಕೊಂಡು ನಿಜವಾದ ಮನೆಯನ್ನು ತೋರಿಸಿದ. ಕಟ್ಟಕಡೆಯ ಸಾಲಿನ ಕಟ್ಟಕಡೆಯ ಮನೆ. ಹಿಂದೆ ಎತ್ತರದ ಗೋಡೆ, ಅದರಾಚೆ ಬಯಲು. ಪಕ್ಕದ ಮನೆಯವರಿಗೆ ನಾಯಿಯಿಲ್ಲ, ಮುಂದೆ ಸಾಕುವ ಆಸೆಯೂ ಇಲ್ಲ. ದೊಡ್ಡಮ್ಮ ಅವರನ್ನೇ ನಿಲ್ಲಿಸಿಕೊಂಡು ಕೇಳಿದಳು. ಕಿಟಕಿಗಳಿಗೆ ಎರಡೆರಡು ಪದರ ಗಾಜು. ನಾವು ಬಾಗಿಲು ಮುಚ್ಚಿ ಕೂತೆವು. ನನ್ನ ಕೈಗಡಿಯಾರದ ಟಿಕ್ ಟಿಕ್ ನನಗೇ ಕೇಳಿಸಿತು. ದೊಡ್ಡಮ್ಮ ಕೋಣೆಯಿಂದ ಕೋಣೆಗೆ ಹೋಗಿ, ಗೋಡೆಗೆ ಕಿವಿಯಿಟ್ಟು, ನಲ್ಲಿ ತಿರುಗಿಸಿ ನಿಲ್ಲಿಸಿ, ಕೊನೆಗೆ ಅಡುಗೆಮನೆಯ ನಡುವೆ ನಿಂತುಬಿಟ್ಟಳು. ಆಮೇಲೆ ನಾನು ಹುಟ್ಟಿದಂದಿನಿಂದ ಕೇಳದ ಒಂದನ್ನು ಕೇಳಿದೆ. ಅವಳು ಪಿಸುಗುಟ್ಟಿದಳು.

"ಇದೇ ಕಣೇ. ಇದೇ ಮನೆ."

ಅವಳ ಕಣ್ಣು ತುಂಬಿತ್ತು. ನನಗೆ ಹೇಗೆ ಸಂತೋಷವಾಯಿತೆಂದರೆ ಇಸ್ತ್ರಿಯನ್ನೂ ಕ್ಷಮಿಸಿಬಿಡೋಣವೆನಿಸಿತು. ಅವನೂ ಒಳಗೆ ಬಂದು, ನಾಳೆಯೇ ಮುಂಗಡ ಕೊಟ್ಟರೆ ಒಳ್ಳೆಯದು, ಇನ್ನಿಬ್ಬರು ಕಣ್ಣಿಟ್ಟಿದ್ದಾರೆ ಎಂದು ಪಿಸುದನಿಯಲ್ಲೇ ಹೇಳಿದ. ಆ ಮನೆಯಲ್ಲಿ ಯಾರಿಗೂ ದನಿ ಏರಿಸಲು ಮನಸ್ಸಾಗುತ್ತಿರಲಿಲ್ಲ.

ದೊಡ್ಡಪ್ಪ ಆಗ ಒಳಗಿರಲಿಲ್ಲ. ಹಿಂದಿನ ಗಾಜಿನ ಬಾಗಿಲು ಸರಿಸಿ ಪುಟ್ಟ ಜಗಲಿಗೆ ಹೋಗಿ, ಬಾಗಿಲೆಳೆದುಕೊಂಡು, ನಮಗೆ ಅಡ್ಡಮುಖವಾಗಿ ಗೋಡೆ ನೋಡುತ್ತ ನಿಂತಿದ್ದ. ದೊಡ್ಡಮ್ಮ ಅವನನ್ನು ಕರೆದು ಒಂದು ಮಾತು ಕೇಳೋಣವೆಂದು ತಿರುಗಿದಳು. ತಿರುಗಿದವಳು ಹಾಗೇ ನಿಂತಳು. ಅವನ ತುಟಿ ಆಡುತ್ತಿತ್ತು. ಶೆಡ್ಡಿನಲ್ಲಿ ಆಡುವ ಹಾಗೆ, ಅಗಲವಾಗಿ, ಸ್ಪಷ್ಟವಾಗಿ. ನನಗೆ ಅದು ಓದಲು ಬಾರದು. ಅವಳ ಮುಖದ ಬಣ್ಣ ಬದಲಾಗುತ್ತ ಹೋದದ್ದು ಮಾತ್ರ ಕಂಡಿತು. ಬಾಗಿಲನ್ನು ಕಿತ್ತು ಬರುವ ಹಾಗೆ ಸರಿಸಿದಳು. ಆ ಮನೆಯ ಮೌನಕ್ಕೆ ಅಂದಿನ ಮಟ್ಟಿಗೆ ಆಯುಸ್ಸು ಮುಗಿಯಿತು.

"ಯಾರಿಗ್ರೀ ಬಾಯ್ಮುಚ್ಚು ಅಂದಿದ್ದು?"

ದೊಡ್ಡಪ್ಪ ಬೆಚ್ಚಿಬಿದ್ದ.

"ಸಾಕು, ಇನ್ನು ಸಾಕು, ಬಾಯ್ಮುಚ್ಚು, ನನ್ನ ಪ್ರಾಣ ತಿನ್ಬೇಡ. ಹಾಗಂದ್ರಿ! ನಾನೇ ನೋಡ್ದೆ! ಎದುರಿಗೆ ಗೋಣು ಆಡಿಸ್ಕೊಂಡಿದ್ದು, ಬೆನ್ನು ತಿರುಗಿಸಿ ನನ್ನನ್ನ ಹೀಗೆ ಬೈಕೊಳ್ತೀರಾ? ಎಷ್ಟು ವರ್ಷದಿಂದ ನಡೀತಿದೆ ಇದು? ನನ್ನ ಬಾಯಿ ಅಷ್ಟು ಬೇಡವಾಗಿದ್ರೆ ಆ ನಾಲ್ಕು ಸಾಲು ದಾಟಿ ಯಾಕ್ರೀ ಬಂದ್ರಿ?"

"ನಿನಗಲ್ಲ ಕಣೇ."

"ಮತ್ತಿನ್ಯಾರಿದ್ದಾರೆ ಇಲ್ಲಿ? ಗೋಡೆಗಾ?"

ದೊಡ್ಡಪ್ಪ ಕೈಯೆತ್ತಿ ತನ್ನ ಕಿವಿ ತೋರಿಸಿದ. ಅವಳು ಕೂಗುತ್ತಲೇ ಇದ್ದಳು. ಅವನು ಕಿವಿಯ ಮೇಲೆ ಬೆರಳಿಟ್ಟೇ ಇದ್ದ. ಕೊನೆಗೆ ದನಿ ತೆಗೆದು ಹೇಳಿದ.

"ಇದಕ್ಕೆ ಅಂದೆ. ಶೆಡ್ಡು ನಿಂತಿಲ್ಲ. ನಾನು ಮನೆಗೆ ಬಂದ್ರೂ ಅದು ಇಲ್ಲೇ ಓಡ್ತಾ ಇದೆ. ಅದರ ಮೇಲೊಂದು ಸೀಟಿ, ಕುಕ್ಕರ್ ಕೂಗಿದ ಹಾಗೆ, ಆದ್ರೆ ಅದನ್ನ ಇಳಿಸೋಕೆ ಬರಲ್ಲ."

ಅವನು ಅಷ್ಟು ಉದ್ದ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. ಆಮೇಲೂ ನಿಲ್ಲಿಸಲಿಲ್ಲ. ಸುತ್ತ ಸದ್ದಿದ್ದರೆ ಅದು ತಲೆ ತಗ್ಗಿಸುತ್ತದಂತೆ. ಸುತ್ತ ಸದ್ದಿಲ್ಲದಿದ್ದರೆ ಎದ್ದು ಬರುತ್ತದಂತೆ. ರೇಡಿಯೊ ಹಾಕಿ ನೋಡಿದ್ದಾನೆ, ಫ್ಯಾನು ಹಾಕಿ ನೋಡಿದ್ದಾನೆ. ಒಂದೇ ಸಮನೆಯ ಸದ್ದಿಗೆ ಕಿವಿ ಒಗ್ಗಿಹೋಗಿ ಅದರ ಹಿಂದಿನಿಂದ ಸೀಟಿ ಮತ್ತೆ ಇಣುಕುತ್ತದೆ. "ತಗಡು ಬಡಿಯೋದು, ನಾಯಿ ಬೊಗಳೋದು ಹಾಗಲ್ಲ. ಯಾವಾಗ ಶುರುವಾಗುತ್ತೆ ಗೊತ್ತಿರಲ್ಲ. ಮನಸ್ಸು ಅದನ್ನೇ ಕಾಯ್ತಾ ಕೂತಿರುತ್ತೆ. ಅಷ್ಟು ಹೊತ್ತು ಇದು ಮರೆತುಹೋಗುತ್ತೆ." ದಿನಾ ಬೆಳಿಗ್ಗೆ ವಾಕಿಂಗ್ ಎಂದು ಹೋಗುತ್ತಿದ್ದನಲ್ಲ, ಹೋಗುತ್ತಿದ್ದದ್ದು ಕೆಳಗಿನ ತಗಡಿನ ಅಂಗಡಿಯ ಬೆಂಚಿಗೆ. ಕಿವಿ ಡಾಕ್ಟರನ್ನೂ ಒಬ್ಬನೇ ಹೋಗಿ ಕಂಡಿದ್ದ. ಇದಕ್ಕೆ ಔಷಧವಿಲ್ಲ, ಮನೆಯಲ್ಲಿ ಏನಾದರೂ ಸದ್ದಿರಲಿ ಎಂದಿದ್ದರಂತೆ. ಮೊದಲ ಮನೆಯಲ್ಲಿ ನಿದ್ದೆಹೋದದ್ದು ಅದಕ್ಕೇ.

ದೊಡ್ಡಮ್ಮ ಗಾಜಿನ ಬಾಗಿಲನ್ನು ಹಿಡಿದು ನಿಂತಿದ್ದಳು. ನಾನು ಅವಳು ಅಳುತ್ತಾಳೆಂದುಕೊಂಡೆ. ಅವಳನ್ನು ನಾನಿನ್ನೂ ಸರಿಯಾಗಿ ಅರಿತಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಇಷ್ಟು ವರ್ಷದಲ್ಲಿ ಕೇಳಿದ್ದು ಇದೊಂದೇ. ಅದಕ್ಕೂ ನಾನು ಅಡ್ಡಗಾಲು ಹಾಕೋದಾ?"

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರ್ರೀ?" ದನಿ ಎಷ್ಟು ಏರಿತೆಂದರೆ ಇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. "ತಗಡು ಬಡಿಯೋನಿಗೆ ಗೊತ್ತು, ಕಿವಿ ಡಾಕ್ಟರಿಗೆ ಗೊತ್ತು, ಪಕ್ಕದಲ್ಲಿ ಮಲಗೋ ನನಗೆ ಗೊತ್ತಿಲ್ಲ! ಗಾಜಿನಾಚೆ ನಿಂತು ನಿಮ್ಮ ತುಟಿ ನೋಡ್ಕೊಂಡೇ ನಾನು ಮುದುಕಿ ಆಗಿದ್ದು. ನನ್ನಿಂದ ಮುಚ್ಚಿಡ್ತೀರಾ? ನಾನು ಆ ನಾಯಿಗಳನ್ನ ಬೈದೆ, ತಗಡಿನವನನ್ನ ಬೈದೆ, ಬಾಯಿ ಮುಚ್ಚಿಸಬೇಕಾಗಿದ್ದು ಆ ಗಿರಣಿಯವರದ್ದು! ಒಂದು ಹಿಡಿ ಹತ್ತಿ ಕೊಡೋಕೆ ಆಗ್ಲಿಲ್ಲ ಅವರಿಗೆ, ಹತ್ತಿ ಗಿರಣಿಯಲ್ಲಿ ಕೂತು! ಹೋಗುವಾಗ ಕೈಗೆ ಏನು ಕೊಟ್ರು? ಗೋಡೆ ಗಡಿಯಾರ! ಅದೂ ಟಣ್ ಟಣ್ ಅಂತ ಹೊಡ್ಕೊಳ್ಳೋದು!"

ಆ ಕೋಪದಲ್ಲಿ ನನಗೂ ಪಾಲಿತ್ತು. ಮನುಷ್ಯನ ಕಿವಿಯನ್ನು ಮಗ್ಗಕ್ಕೆ ಹಾಕುವ ಎಣ್ಣೆಯ ಹಾಗೆ ಬಳಸಿ ಮುಗಿಸಿ, ಹಾರ ಹಾಕಿ ಕಳಿಸಿಕೊಟ್ಟರು. ಯಾರನ್ನು ಹಿಡಿದು ಕೇಳುವುದು? ಗಿರಣಿಯನ್ನು ಕೆಡವಿ ಎಷ್ಟೋ ಕಾಲವಾಯಿತು, ಆ ಜಾಗದಲ್ಲೀಗ ಅಂಗಡಿಗಳ ಸಾಲು. ಮೇಲ್ವಿಚಾರಕ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ.

ಕಾರು ಹತ್ತಿ ಹೊರಟೆವು. ಇಸ್ತ್ರಿ ಸ್ಕೂಟರಿನಲ್ಲಿ ಹಿಂದೆಯೇ ಬರುತ್ತಿದ್ದ. ದೊಡ್ಡಪ್ಪ ಹಿಂದಿನ ಸೀಟಿನಲ್ಲಿ ಕುಗ್ಗಿ ಕೂತಿದ್ದ. ದೊಡ್ಡಮ್ಮ ಮಡಿಲಲ್ಲಿದ್ದ ಬಣ್ಣದ ಹಾಳೆಯನ್ನು ಉಂಡೆ ಮಾಡುವುದು, ಬಿಡಿಸುವುದು, ಮತ್ತೆ ಉಂಡೆ ಮಾಡುವುದು. ಹಾಗೇ ಕಾಲೊನಿಯ ಗೇಟಿನ ಹತ್ತಿರ ಬಂದೆವು. ಕಾರು ಕಂಡದ್ದೇ ಡಾಕ್ಟರಮ್ಮನ ದೊಡ್ಡ ನಾಯಿ ಒಂದು ಸಲ ಬೊಗಳಿ ಯೋಚಿಸಿತು. ಚಿಕ್ಕದು ಶುರುಮಾಡಿತು.

ದೊಡ್ಡಮ್ಮ ಬ್ರೇಕ್ ಒತ್ತಿದಳು.

ಕಾರು ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಇಸ್ತ್ರಿ ನನ್ನ ಬಂಪರಿಗೆ ಮುತ್ತು ಕೊಡುವುದು ಕೂದಲೆಳೆಯಲ್ಲಿ ತಪ್ಪಿತು. ಈ ಸಲ ಅವಳು ಕಿಟಕಿಯಿಂದ ತಲೆ ಹಾಕಲಿಲ್ಲ, ಇಳಿದೇ ಹೋದಳು. ನಾಯಿಗಳನ್ನು ಡಾಕ್ಟರಮ್ಮನ ಗೇಟಿನ ಈ ಕಡೆಯಿಂದ ಸುಸ್ತಾಗುವವರೆಗೆ ಬೈದು, ಇಸ್ತ್ರಿಯ ಕಡೆ ತಿರುಗಿ, ಪಕ್ಕದ ಖಾಲಿ ಮನೆಗೆ ಕೈ ತೋರಿಸಿದಳು.

"ಇದನ್ನ ಬರ್ಕೋ. ನಾಳೆ ಮುಂಗಡ ತರ್ತೀವಿ."

"ಅಮ್ಮಾ, ಇದಾ? ಇದರ ಪಕ್ಕ…"

"ನನಗೆ ಕಣ್ಣು ಕಾಣಲ್ವಾ? ಕಿವಿ ಕೇಳಲ್ವಾ? ಬರ್ಕೋ ಅಂದ್ರೆ ಬರ್ಕೋ!"

ದೊಡ್ಡಪ್ಪ ಕಾರಿನಿಂದ ಇಳಿದ. ಅವಳು ರಸ್ತೆಯ ಆ ಕಡೆ, ಇವನು ಈ ಕಡೆ. ದೊಡ್ಡಪ್ಪನ ತುಟಿ ಆಡಿತು. ಅವಳ ತುಟಿ ಆಡಿತು. ಆಮೇಲೆ ಇಬ್ಬರದೂ ಒಟ್ಟಿಗೆ. ಅಲ್ಲಿ ನಾಯಿಗಳು ಅರಚುತ್ತಿವೆ, ಇಸ್ತ್ರಿ ಮಿಕಿಮಿಕಿ ನೋಡುತ್ತಿದ್ದಾನೆ, ಇವರಿಬ್ಬರೂ ಕೈಬೀಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಒಂದು ಸದ್ದೂ ಇಲ್ಲದೆ ಜಗಳವಾಡುತ್ತಿದ್ದಾರೆ. ಅವರ ಮದುವೆಯ ಬದುಕಿನಲ್ಲೇ ದೊಡ್ಡ ಜಗಳ ಅದಿರಬೇಕು. ಅದರಲ್ಲಿ ನನಗೆ ಒಂದು ಮಾತೂ ದಕ್ಕಲಿಲ್ಲ. ಕೊನೆಗೆ ದೊಡ್ಡಪ್ಪನ ತುಟಿ ನಿಂತಿತು. ತಲೆ ತಗ್ಗಿಸಿ ಕಾರಿನ ಬಾಗಿಲು ತೆರೆದು ಕೂತ. ಏನಂದೆ ಎಂದು ಆಮೇಲೆ ದೊಡ್ಡಮ್ಮನನ್ನು ಕೇಳಿದರೆ, "ಗಂಡ ಹೆಂಡತಿ ಮಾತು ನಿನಗ್ಯಾಕೆ? ರಸ್ತೆ ನೋಡ್ಕೊಂಡು ಓಡಿಸು" ಎಂದಳು.

ಅವರು ಆ ಮನೆಗೆ ಬಂದರು. ಅವಳೇನೂ ಮೆತ್ತಗಾಗಲಿಲ್ಲ. ನಾಯಿಗಳ ಮೇಲೆ ಪ್ರೀತಿ ಹುಟ್ಟಿತು, ಬಿಸ್ಕತ್ತು ಹಾಕತೊಡಗಿದಳು ಎಂದು ಹೇಳಿದರೆ ನಿಮಗೆ ಹಿತವಾಗಬಹುದು, ಅಂಥದ್ದೇನೂ ಆಗಲಿಲ್ಲ. ದಿನವೂ ಕಾಂಪೌಂಡಿನ ಹತ್ತಿರ ನಿಂತು ಅವುಗಳ ಜೊತೆ, ಡಾಕ್ಟರಮ್ಮನ ಜೊತೆ ವಾಗ್ಯುದ್ಧ ನಡೆಸುತ್ತಿದ್ದಳು. ನನಗೆ ಫೋನ್ ಮಾಡಿದರೆ ಅರ್ಧ ಮಾತು ನನಗೆ, ಅರ್ಧ ನಾಯಿಗೆ. ತಲೆನೋವಿನ ಮಾತ್ರೆ ನುಂಗುವುದು ಹೆಚ್ಚಾಯಿತು. ಕಡೆಯ ಸಾಲಿನ ಆ ಮನೆಗೆ ಬೇರೆ ಯಾರೋ ಬಂದರು. ಸಂಜೆ ನಡೆಯಲು ಹೋದಾಗ ಅವಳು ಅಲ್ಲಿಯವರೆಗೆ ಹೋಗಿ, ಆ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಾಳೆ ಎಂದು ದೊಡ್ಡಪ್ಪನೇ ನನಗೆ ಹೇಳಿದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಅವನಂತೂ ಮಧ್ಯಾಹ್ನ ಊಟವಾದ ಮೇಲೆ ನಿದ್ದೆ ಮಾಡುತ್ತಿದ್ದ. ಮುಖದಲ್ಲಿ ಮಾಂಸ ತುಂಬಿಕೊಂಡಿತ್ತು.

ಮೊನ್ನೆ ಒಂದು ಮಧ್ಯಾಹ್ನ ಪಾಠ ಮುಗಿಸಿಕೊಂಡು ಆ ಕಡೆ ಹೋದೆ. ಗೇಟಿನ ಹೊರಗಿನಿಂದಲೇ ಸೈರನ್ ಕೇಳಿಸಿತು. ಇವತ್ತು ನಾಯಿಗಳ ಗ್ರಹಚಾರ ಕೆಟ್ಟಿದೆ ಎಂದುಕೊಂಡು ಕಾರು ನಿಲ್ಲಿಸಿ ಇಳಿದೆ. ಇಳಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಬೈಗುಳ ಒಂದೇ ಕಡೆಯಿಂದ ಬರುತ್ತಿತ್ತು, ಎದುರು ಉತ್ತರವಿರಲಿಲ್ಲ. ಡಾಕ್ಟರಮ್ಮನ ಗೇಟಿಗೆ ಬೀಗ ಹಾಕಿತ್ತು. ಜಗಲಿಯ ಮೇಲೆ ನಾಯಿಗಳ ಊಟದ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ್ದರು. ತಂಗಿಯ ಮನೆಗೋ ಎಲ್ಲಿಗೋ ನಾಯಿಗಳನ್ನೂ ಕರೆದುಕೊಂಡು ಹೋಗಿದ್ದರು.

ದೊಡ್ಡಮ್ಮ ಕಾಂಪೌಂಡಿಗೆ ಒರಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಮನೆಯ ಗೋಡೆಗೆ ಬೈಯುತ್ತಿದ್ದಳು. ಇಸ್ತ್ರಿಯನ್ನು ಬೈದು ಮುಗಿಸಿದಳು. ತಗಡಿನವನನ್ನು ಮುಗಿಸಿದಳು. ಹೇಳದೆ ಕೇಳದೆ ಊರಿಗೆ ಹೋದ ಡಾಕ್ಟರಮ್ಮನನ್ನು, ಬೇಕಾದಾಗ ಬೊಗಳದ ನಾಯಿಗಳನ್ನು ಬೈದಳು. ಒಮ್ಮೆ ಏರಿಸುತ್ತಿದ್ದಳು, ಒಮ್ಮೆ ಇಳಿಸುತ್ತಿದ್ದಳು, ನಿಲ್ಲಿಸಿದಳು ಎನ್ನುವಷ್ಟರಲ್ಲಿ ಮತ್ತೆ ಶುರುಮಾಡುತ್ತಿದ್ದಳು. ದನಿ ಒಡೆದು ಬರುತ್ತಿತ್ತು. ಕಿಟಕಿಯೊಳಗೆ ಮಂಚದ ಮೇಲೆ ದೊಡ್ಡಪ್ಪ ಗೋಡೆಯ ಕಡೆ ಮುಖಮಾಡಿ ನಿದ್ದೆಹೋಗಿದ್ದ.

ನನ್ನನ್ನು ಕಂಡು ಅವಳು ತುಟಿಯ ಮೇಲೆ ಬೆರಳಿಟ್ಟಳು. ಬೈಗುಳ ನಿಲ್ಲಿಸಿ, ತುಟಿಯನ್ನು ಚೆನ್ನಾಗಿ ಅಗಲಿಸಿ, ನನಗೂ ಓದಲು ಬರುವ ಹಾಗೆ ನಿಧಾನವಾಗಿ ಆಡಿಸಿದಳು: ಈಗಷ್ಟೇ ನಿದ್ದೆ ಹತ್ತಿದೆ.

ಅಷ್ಟು ಹೊತ್ತಿನ ಮೌನಕ್ಕೇ ಒಳಗೆ ದೊಡ್ಡಪ್ಪ ಮಗ್ಗುಲು ಬದಲಿಸಿದ, ಕೈ ಕಿವಿಯ ಹತ್ತಿರ ಹೋಯಿತು. ಅವಳು ತಟ್ಟನೆ ಗೋಡೆಯತ್ತ ತಿರುಗಿ, ಗಿರಣಿಯ ಮೇಲ್ವಿಚಾರಕನನ್ನು ಹಿಡಿದುಕೊಂಡಳು. ಅವನ ಮುಚ್ಚಿದ ಕೋಣೆಯಿಂದ ಹಿಡಿದು ಕಿತ್ತು ಹಾಕಿಸಿದ ಹತ್ತಿಯವರೆಗೆ ಒಂದನ್ನೂ ಬಿಡಲಿಲ್ಲ. ಬೈಯುತ್ತ ಬೈಯುತ್ತ ಗಂಟಲು ಕಟ್ಟಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ನಾನು ಚೀಲ ಕೆಳಗಿಟ್ಟು, ಹೋಗಿ ನೀರು ಕುಡಿ ಎಂದು ಸನ್ನೆ ಮಾಡಿ, ಅವಳು ನಿಂತಿದ್ದ ಜಾಗದಲ್ಲಿ ನಿಂತು ಮುಂದುವರಿಸಿದೆ. ಆ ಮನುಷ್ಯನನ್ನು ನಾನೂ ಬಹಳ ದಿನದಿಂದ ಬೈಯಬೇಕೆಂದಿದ್ದೆ.